‘ಮೊದಲ ನಾ ತಗೋತೀನಿ’ ಅಂದ ಅಕ್ಕಾರು

ಅಕ್ಕಾರ ಉಗುರು ನೋಡಿದರೆ ಆ ವಾರ ನಮ್ಮ ಕಾರ್ಖಾನೆಯಲ್ಲಿ ಯಾವ ಬಣ್ಣ ತಯಾರಾಗುತ್ತಿದೆ ಎಂದು ಹೇಳಬಹುದಿತ್ತು. ಚಿಂಚವಡದ ಆ ಬಣ್ಣದ ಕಾರ್ಖಾನೆಯ ಲ್ಯಾಬಿಗೆ ಅವರೇ ಮುಖ್ಯಸ್ಥರು. ಸೋಪು, ನಿಂಬೆಹಣ್ಣು, ಸೀಮೆಎಣ್ಣೆ ಏನು ಹಚ್ಚಿ ತಿಕ್ಕಿದರೂ ಉಗುರಿನ ಸಂದಿಯಲ್ಲಿ ಒಂದಿಷ್ಟು ನೀಲಿಯೋ ಕೆಂಪೋ ಉಳಿದೇ ಇರುತ್ತಿತ್ತು. ಬಾಗಲಕೋಟೆ ಕಡೆಯವರು, ಮದುವೆಯಾಗಿರಲಿಲ್ಲ, ವಿಧವೆ ತಂಗಿಯ ಜೊತೆ ಎರಡು ಕೋಣೆಯ ಮನೆಯಲ್ಲಿದ್ದರು. ಮರಾಠಿ ಮಂದಿ ಮ್ಯಾಡಮ್ ಎನ್ನುತ್ತಿದ್ದರು. ಖರೀದಿ ವಿಭಾಗದಲ್ಲಿ ಗುಮಾಸ್ತೆಯಾಗಿದ್ದ ನಾನು ವಿಜಾಪುರದವಳು. ನನ್ನ ಬಾಯಿಗೆ ಮೊದಲ ದಿನವೇ ಅಕ್ಕಾರ ಎಂದು ಬಂತು, ಅದೇ ಉಳಿಯಿತು.

ಅವರು ಹೋಗಿ ಈಗ ಎಂಟು ತಿಂಗಳು. ಅವರ ಬಗ್ಗೆ ನಾಲ್ಕು ಮಾತು ಬರೆಯಬೇಕೆಂದು ಕೂತಾಗೆಲ್ಲ ಎದ್ದುಬಿಟ್ಟಿದ್ದೇನೆ. ಅವರದೊಂದು ನಿಜ ಹೇಳಬೇಕಾದರೆ ನನ್ನದೊಂದು ಸುಳ್ಳನ್ನು ಒಪ್ಪಿಕೊಳ್ಳಬೇಕು. ಇರಲಿ, ಅದು ಬರುವ ಜಾಗದಲ್ಲಿ ಬರುತ್ತದೆ.

ಅಕ್ಕಾರು ಎಂಥವರು ಎನ್ನುವುದಕ್ಕೆ ಒಂದು ಪ್ರಸಂಗ ಸಾಕು. ಒಮ್ಮೆ ಮಾಲು ಕಳಿಸಲು ಲಾರಿ ಬಂದು ನಿಂತಿದೆ, ಇವರು ಆ ಮಾಲಿನ ಬಣ್ಣ ಒಂದು ಎಳೆ ತಪ್ಪಿದೆ ಎಂದು ಕಾಗದಕ್ಕೆ ಸಹಿ ಹಾಕಲಿಲ್ಲ. ಮ್ಯಾನೇಜರು ತಾವೇ ಲ್ಯಾಬಿಗೆ ಬಂದು ಮರಾಠಿಯಲ್ಲಿ ಕೂಗಾಡಿದರು. ಇವರು ಕನ್ನಡಕ ತೆಗೆದು ಸೆರಗಿನಿಂದ ಒರೆಸುತ್ತ, "ಡ್ರಮ್ಮು ನಿಮ್ಮದು ಸಾಹೇಬ, ಕಳಿಸಿ. ಸಹಿ ನನ್ನದು, ಅದು ಇಲ್ಲೇ ಇರುತ್ತದೆ" ಅಂದರು, ಅದೇ ಮರಾಠಿಯಲ್ಲಿ, ಆದರೆ ಮೆಲ್ಲಗೆ. ಲಾರಿ ಖಾಲಿ ಹೋಯಿತು. ಯಾರಾದರೂ ಏನಾದರೂ ಕೇಳಿದಾಗ ತಿಳಿಯದಿದ್ದರೆ "ಗೊತ್ತಿಲ್ಲ" ಅನ್ನಲು ಅವರಿಗೆ ಸಂಕೋಚವಿರಲಿಲ್ಲ. "ಗೊತ್ತಿಲ್ಲ ಅನ್ನೂದೂ ಒಂದು ರಿಪೋರ್ಟನ ಅದವಾ" ಎನ್ನುತ್ತಿದ್ದರು.

ತೊಂಬತ್ತರ ದಶಕದ ನಡುವಿನ ಮಾತು. ಕಾರ್ಖಾನೆಯಲ್ಲಿ ರಕ್ತದಾನ ಶಿಬಿರ ಮಾಡಿದ್ದರು. ಎಲ್ಲರ ಜೊತೆ ನಾನೂ ಮಲಗಿ ರಕ್ತ ಕೊಟ್ಟೆ, ಬಿಸ್ಕೀಟು ತಿಂದೆ, ಮರೆತೆ. ಮೂರು ವಾರದ ಮೇಲೆ ನನ್ನ ಹೆಸರಿಗೆ ಮುಚ್ಚಿದ ಲಕೋಟೆ ಬಂತು. ನಿಮ್ಮ ರಕ್ತವನ್ನು ಬಳಸಲಾಗುವುದಿಲ್ಲ, ಅದರಲ್ಲಿ ಹೆಪಟೈಟಿಸ್ ಬಿ ಕಂಡುಬಂದಿದೆ, ವೈದ್ಯರನ್ನು ಕಾಣಿರಿ ಎಂದು ಮೂರು ಸಾಲು. ಹೆಂಗಸರ ಬಚ್ಚಲುಮನೆಯಲ್ಲಿ ಬಾಗಿಲು ಹಾಕಿಕೊಂಡು ಮೂರು ಸಲ ಓದಿದೆ. ನನಗೆ ಮೂವತ್ತು ವರ್ಷ, ಮಗಳಿಗೆ ನಾಲ್ಕು. ಆ ಕಾಗದವನ್ನು ಓದಿ ಹೇಳುವವರು ಕಾರ್ಖಾನೆಯಲ್ಲಿ ಇನ್ನು ಯಾರು? ಸೀದಾ ಲ್ಯಾಬಿಗೆ ಹೋದೆ.

ಅಕ್ಕಾರು ಓದಿದರು. ಮಡಚಿ ನನ್ನ ಕೈಗೇ ಕೊಟ್ಟರು. ಎದ್ದು ಹೋಗಿ ಬಾಗಿಲು ಹಾಕಿ ಬಂದರು.

"ಕೂಡು. ಇದು ಯಕೃತ್ತಿನ್ಯಾಗ ಮನಿ ಮಾಡೂ ವೈರಸ್ಸು. ಕೆಲವೊಬ್ಬರಿಗೆ ಬಂದು ಹೋಗ್ತದ, ಕೆಲವೊಬ್ಬರಿಗೆ ಬಂದು ಉಳೀತದ. ನನಗ ಉಳದು ಆರು ವರ್ಷ ಆತು."

ನನಗೆ ಮೊದಲು ಅರ್ಥವಾಗಲಿಲ್ಲ. ಅವರು ನನ್ನ ಮುಖ ನೋಡಿ, "ಗರ್ಭಕೋಶದ ಆಪರೇಶನ್ ಆದಾಗ ರಕ್ತ ಏರಸಿದ್ರು. ಅದರಾಗ ಬಂದಿರಬೇಕು. ಗೊತ್ತಿಲ್ಲ. ಈಗ ಇಬ್ರಾದ್ವಿ ನೋಡು" ಅಂದರು.

ಅವರು ಕ್ಯಾಂಟೀನಿನಲ್ಲಿ ತಮ್ಮದೇ ಸ್ಟೀಲಿನ ಲೋಟದಲ್ಲಿ ಚಹಾ ಕುಡಿಯುವುದು ಮಡಿವಂತಿಕೆ ಎಂದು ನಾನು ತಿಳಿದಿದ್ದೆ. ಅಂದು ಕೇಳಿದೆ. "ಲೋಟದಿಂದ ಬರೂದಿಲ್ಲ ಅಂತ ನನಗ ಗೊತ್ತದ. ನಾಳೆ ಸುದ್ದಿ ಆತಂದ್ರ ಅವರಿಗೆ ಗೊತ್ತಿರೂದಿಲ್ಲಲ್ಲ? ಅವರ ಅಂಜಿಕಿ ಅವರಿಗಿರಲಿ, ನನ್ನ ಚಾ ನನಗಿರಲಿ."

ಆ ಕಾಲದಲ್ಲಿ ಡಾಕ್ಟರರ ಬಳಿಯೂ ಹೆಚ್ಚೇನೂ ಇರಲಿಲ್ಲ. ಇಂಟರ್‌ಫೆರಾನ್ ಎಂಬ ಇಂಜೆಕ್ಷನ್ ಇದೆ, ತಿಂಗಳುಗಟ್ಟಲೆ ಚುಚ್ಚಬೇಕು, ನಮ್ಮಂಥವರ ಕೈಗೆ ಎಟುಕುವ ಮಾತಲ್ಲ, ತಗೊಂಡವರಿಗೆಲ್ಲ ಗುಣವೂ ಆಗುವುದಿಲ್ಲ ಎಂದು ಹೇಳಿ, ಆರು ತಿಂಗಳಿಗೊಮ್ಮೆ ರಕ್ತ ತೋರಿಸಿ, ಮನೆಯವರನ್ನೆಲ್ಲ ಪರೀಕ್ಷೆ ಮಾಡಿಸಿ ಅಂದರು. ಗಂಡನ ರಿಪೋರ್ಟು ಮೊದಲು ಬಂತು, ಏನೂ ಇರಲಿಲ್ಲ. ಮಗಳದು ಎರಡು ದಿನ ತಡವಾಯಿತು. ಹೆತ್ತಾಗಲೇ ಅವಳಿಗೆ ಕೊಟ್ಟುಬಿಟ್ಟಿದ್ದರೆ? ಆ ಎರಡು ದಿನ ನಾನು ಕೂಸಿಗೆ ತಲೆ ಬಾಚುವಾಗಲೂ ಅವಳ ಕಣ್ಣು ನೋಡಲಿಲ್ಲ. ರಿಪೋರ್ಟು ತರಲು ಅಕ್ಕಾರೇ ಅರ್ಧ ದಿನ ರಜೆ ಹಾಕಿ ಜೊತೆಗೆ ಬಂದರು. ಲಕೋಟೆ ಒಡೆಯಲು ನನ್ನ ಕೈ ಬರಲಿಲ್ಲ. ಅವರು ಒಡೆದು, ಒಳಗಿನ ಕಾಗದವನ್ನು ಪೂರ್ತಿ ಕೊನೆಯ ಸಾಲಿನವರೆಗೆ ಓದಿ, ಆಮೇಲೆ "ಕೂಸಿಗೆ ಇಲ್ಲ. ಇವತ್ತ ಲಸಿಕಿ ಹಾಕಸು" ಅಂದರು. ಮೊದಲ ಸಾಲಿನಲ್ಲೇ ಗೊತ್ತಾಗಿರುತ್ತಿತ್ತಲ್ಲ, ಅಷ್ಟೊತ್ತು ಯಾಕೆ ಓದಿದಿರಿ ಎಂದು ಸಿಟ್ಟು ಮಾಡಿದೆ. "ಪೂರ್ತಿ ಓದದ ಹೆಂಗ ಹೇಳ್ಲಿ?" ಅಂದರು, ತಪ್ಪು ಮಾಡಿದವರ ಹಾಗೆ.

ಗಂಡ ಒಳ್ಳೆಯವನು, ಅತ್ತೆಗೆ ಹೇಳಬಾರದು ಎಂದು ತಾನೇ ನಿರ್ಧರಿಸಿದ. ಆದರೂ ಮಾತು ಹೇಗೋ ಹೊರಬಿತ್ತು. ಯಕೃತ್ತು ಎಂಬ ಶಬ್ದ ಕಿವಿಗೆ ಬಿದ್ದವರಿಗೆಲ್ಲ ಒಂದೊಂದು ಔಷಧ ಗೊತ್ತಿತ್ತು. ನೆಲನೆಲ್ಲಿ ರಸ ಕುಡಿ. ಹೋಮಿಯೋಪತಿ ಗುಳಿಗೆ ತಗೋ. ಉಪ್ಪು ಬಿಡು. ಬರೀ ಹಣ್ಣು ತಿನ್ನು. ಅರಿಸಿನ ಕಾಮಣಿ ಇಳಿಸುವ ಮಾಲೆ ಹಾಕಿಕೋ, ಅದು ಉದ್ದ ಆದಷ್ಟೂ ರೋಗ ಇಳಿಯುತ್ತದೆ. ನಾನು ಎಲ್ಲವನ್ನೂ ಒಟ್ಟಿಗೇ ಶುರು ಮಾಡುವವಳಿದ್ದೆ. ಅಕ್ಕಾರು ತಡೆದರು. ಅವರದೊಂದು ಪದ್ಧತಿ ಇತ್ತು: ಒಂದು ಸಲಕ್ಕೆ ಒಂದೇ ಔಷಧ. ಶುರು ಮಾಡುವ ಮೊದಲು ರಕ್ತ ಪರೀಕ್ಷೆ, ನಡುವೆ ಪರೀಕ್ಷೆ, ಬಿಟ್ಟ ಮೇಲೆ ಮತ್ತೆ ಪರೀಕ್ಷೆ.

"ಬಿಟ್ಟ ಮ್ಯಾಲ ಎದಕ್ರಿ?"

"ಬಿಟ್ಟ ಮ್ಯಾಲ ಏನಾಗ್ತದ ಅನ್ನೂದ ಅರ್ಧಾ ಪರೀಕ್ಷಾ."

ಆರು ವರ್ಷದಲ್ಲಿ ಅವರು ಈ ಪದ್ಧತಿಯಲ್ಲಿ ನಾಲ್ಕು ಔಷಧ ಮುಗಿಸಿದ್ದರು. ನೆಲನೆಲ್ಲಿಯನ್ನು ತಾವೇ ಮಳೆಗಾಲದಲ್ಲಿ ಕಾರ್ಖಾನೆಯ ಹಿಂದಿನ ಬಯಲಿನಿಂದ ಕಿತ್ತು ತಂದು, ಅರೆದು, ಮೂರು ತಿಂಗಳು ಕುಡಿದಿದ್ದರಂತೆ. "ನೆಲನೆಲ್ಲಿ ಕೆಟ್ಟದ್ದೇನಲ್ಲವಾ. ನನ್ನ ವೈರಸ್ಸಿಗೆ ಅದರ ಗುರುತು ಹತ್ತಲಿಲ್ಲ, ಅಷ್ಟ" ಎಂದು ನಗುತ್ತಿದ್ದರು. ಯಾವ ಔಷಧವನ್ನೂ ಅವರು ಬೈದದ್ದು ನಾನು ಕೇಳಲಿಲ್ಲ. ಇಂಗ್ಲಿಷ್ ಔಷಧವನ್ನು ಹೊಗಳಿದ್ದನ್ನೂ ಕೇಳಲಿಲ್ಲ.

ದೌಂಡದ ಕಡೆ ಒಬ್ಬ ವೈದ್ಯನಿದ್ದಾನೆ, ಯಕೃತ್ತಿನ ರೋಗಕ್ಕೆ ಅವನ ಪುಡಿಯೇ ಕೊನೆ ಎಂದು ನಮ್ಮ ಸ್ಟೋರಿನವನೊಬ್ಬ ಹೇಳಿದ. ಅವನ ಅಣ್ಣನಿಗೆ ಗುಣವಾಗಿತ್ತಂತೆ. ಒಂದು ಭಾನುವಾರ ಇಬ್ಬರೂ ಪುಣೆಯಿಂದ ಪ್ಯಾಸೆಂಜರ್ ಹಿಡಿದು ದೌಂಡಕ್ಕೆ ಹೋಗಿ, ಅಲ್ಲಿಂದ ಆಟೋದಲ್ಲಿ ಕಬ್ಬಿನ ಹೊಲಗಳ ನಡುವೆ ಅವನ ವಾಡೆಗೆ ಹೋದೆವು. ಅಂಗಳದ ತುಂಬ ಜನ. ಹಳದಿ ಕಣ್ಣಿನವರು, ಹೊಟ್ಟೆ ಊದಿದವರು, ಅವರನ್ನು ಎತ್ತಿಕೊಂಡು ಬಂದವರು.

ವೈದ್ಯ ಮಧ್ಯವಯಸ್ಸಿನವನು, ಮಾತು ಕಡಿಮೆ. ಬಂದವರ ಅಂಗೈಗೆ ಒಂದು ತೊಗಟೆಯ ರಸ ಸವರಿ, ಪರಾತದಲ್ಲಿಟ್ಟ ಸುಣ್ಣದ ತಿಳಿನೀರಿನಲ್ಲಿ ಕೈ ತೊಳೆಸುತ್ತಿದ್ದ. ನೀರು ಅರಿಸಿನದ ಹಾಗೆ ಹಳದಿಯಾಗುತ್ತಿತ್ತು. ರೋಗ ಇಳಿಯಿತು ನೋಡು ಎಂದು ಜನ ಕೈಮುಗಿಯುತ್ತಿದ್ದರು. ನನ್ನ ಕೈಯಿಂದಲೂ ಹಳದಿ ಇಳಿಯಿತು. ನನಗೆ ಅಳು ಬಂತು, ಸಂತೋಷಕ್ಕೆ.

ಅಕ್ಕಾರು ತಮ್ಮ ಸರದಿ ಬಂದಾಗ, ಬಾಗಿಲಲ್ಲಿ ನಿಂತಿದ್ದ ನಮ್ಮ ಆಟೋದವನನ್ನು ಕರೆದು, "ಇವರಿಗೂ ಒಮ್ಮೆ ತೊಳೆಸಿ" ಅಂದರು ಮರಾಠಿಯಲ್ಲಿ. ವೈದ್ಯ ಅವರನ್ನೇ ನೋಡಿದ. ಜನ ನೋಡುತ್ತಿದ್ದರಲ್ಲ, ತೊಳೆಸಿದ. ಎತ್ತಿನಂಥ ಆಳು ಆಟೋದವನು; ಅವನ ಕೈಯಿಂದಲೂ ಅಷ್ಟೇ ಹಳದಿ ಇಳಿಯಿತು. ಅಂಗಳದವರೆಲ್ಲ ನಮ್ಮ ಕಡೆ ತಿರುಗಿದರು. ಇನ್ನು ನಮ್ಮನ್ನು ಹೊರಗೆ ಹಾಕುತ್ತಾರೆ ಎಂದು ನಾನು ಚಪ್ಪಲಿ ಹುಡುಕತೊಡಗಿದೆ. ಅಕ್ಕಾರು ಮಾತ್ರ ವೈದ್ಯನಿಗೆ ನಮಸ್ಕಾರ ಮಾಡಿ, "ಪುಡಿ ಕೊಡಿ" ಅಂದರು.

ವಾಪಸು ಬರುವಾಗ ರೈಲಿನಲ್ಲಿ ಕೇಳಿದೆ, "ಅದು ಮೋಸ ಅಂತ ಗೊತ್ತಾದ ಮ್ಯಾಲೂ ಯಾಕ ಪುಡಿ ತಗೊಂಡ್ರಿ?"

"ಮಾವಿನ ತೊಗಟಿ ರಸಕ್ಕ ಸುಣ್ಣ ಬಿದ್ರ ಹಳದಿ ಆಗ್ತದ. ಅದು ಬಣ್ಣದ ಆಟ. ನೀರಿನ ಆಟ ಸುಳ್ಳು ಅಂದ್ರ ಪುಡಿನೂ ಸುಳ್ಳ ಅಂತ ಹೆಂಗ ಹೇಳ್ಲಿ? ಸ್ಟೋರಿನಾಂವನ ಅಣ್ಣ ಎದ್ದು ತಿರಗ್ಯಾಡ್ಲಿಕತ್ತಾನ. ಅದೂ ಖರೆ ಅದಲ್ಲ?"

ಆಮೇಲೆ ನನ್ನ ಚೀಲದಿಂದ ನನ್ನ ಪುಡಿಯ ಪೊಟ್ಟಣವನ್ನೂ ತೆಗೆದು ತಮ್ಮ ಚೀಲದಲ್ಲಿಟ್ಟುಕೊಂಡರು.

"ಮೊದಲ ನಾ ತಗೋತೀನಿ. ಆರು ತಿಂಗಳು. ಬಿಟ್ಟು ಒಂದೆರಡು ತಿಂಗಳು. ಆಮ್ಯಾಲ ನೀ."

"ಅದೆಂಥಾ ನ್ಯಾಯರೀ? ರೋಗ ಇಬ್ಬರಿಗೂ ಅದ."

"ಮಗಳು ನಿನಗದಾಳ, ನನಗಿಲ್ಲ" ಅಂದರು. ಕಿಟಕಿಯ ಕಡೆ ತಿರುಗಿ ಕೂತರು. ನಾನು ಎದ್ದು ಎದುರಿನ ಬೆಂಚಿಗೆ ಹೋಗಿ ಕೂತೆ.

ಪುಡಿ ಕೆಲಸ ಮಾಡಿತು. ನಿಜವಾಗಿಯೂ ಮಾಡಿತು. ಎರಡು ತಿಂಗಳಿಗೆ ಅಕ್ಕಾರ ಯಕೃತ್ತಿನ ಅಂಕಿಗಳು ಇಳಿದವು. ಮೊದಲು ಅರ್ಧ ಜೋಳದ ಭಕ್ರಿ ತಿನ್ನುತ್ತಿದ್ದವರು ಎರಡು ತಿನ್ನತೊಡಗಿದರು. ಮೆಟ್ಟಿಲು ಹತ್ತುವಾಗ ನಿಲ್ಲುತ್ತಿರಲಿಲ್ಲ. ಬತ್ತಿದ ಗಲ್ಲ ತುಂಬಿತು. ಕ್ಯಾಂಟೀನಿನಲ್ಲಿ ಎಲ್ಲರೂ ಮ್ಯಾಡಮ್ ಎಷ್ಟು ಚೆನ್ನಾಗಿ ಕಾಣುತ್ತಿದ್ದಾರೆ ಎನ್ನುವವರೇ. ಅದೇ ಹೊತ್ತಿಗೆ ನನ್ನ ಅಂಕಿಗಳು ಮೊದಲ ಬಾರಿ ಏರಿದವು. ನಾನು ಲ್ಯಾಬಿಗೆ ಹೋಗಿ ಕೈಚಾಚಿ ನಿಂತೆ.

"ನನ್ನ ಪುಡಿ ನನಗ ಕೊಡ್ರಿ."

"ಇನ್ನ ಮುಗದಿಲ್ಲ."

"ನೀವು ಆರಾಮಾಗ್ಲಿಕತ್ತೀರಿ, ನಾ ನೋಡಕೋತ ಕೂಡಬೇಕೇನ್ರಿ? ನಿಮಗೇನು ಹಕ್ಕದ?"

ಅವರಿಗೆ ನೋವಾಯಿತು, ಕಂಡಿತು. ಗೋಡೆಯ ಕನ್ನಡಿಯ ಮುಂದೆ ನಿಂತು ತಮ್ಮ ಗಲ್ಲವನ್ನು ಬೆರಳಿನಿಂದ ಒತ್ತಿಕೊಂಡರು. "ನನಗ ಈ ಮುಖ ಹೊಂದವಲ್ದು. ನಾ ಎಂದೂ ಹಿಂಗ ಇದ್ದಿಲ್ಲ. ಇಷ್ಟು ಲಗೂನ ಛಲೋ ಆಗೂದು ನನಗ ಅಂಜಿಕಿ ಬರಸ್ತದ. ಸ್ವಲ್ಪ ತಡಿಯವಾ."

ನಾನು ತಡೆಯಲಿಲ್ಲ. ಇಲ್ಲಿ ಬರೆಯಬೇಕಾದದ್ದು ಇದು. ಐದನೆಯ ತಿಂಗಳ ಕೊನೆಗೆ, ಗಂಡನಿಗೂ ಹೇಳದೆ ಒಬ್ಬಳೇ ದೌಂಡಕ್ಕೆ ಹೋಗಿ ಪುಡಿ ತಂದೆ. ಅಕ್ಕಿಯ ಡಬ್ಬಿಯಲ್ಲಿ ಮುಚ್ಚಿಟ್ಟೆ. ಮುಂಜಾನೆ ಸಂಜೆ ಮಜ್ಜಿಗೆಯಲ್ಲಿ ಕದಡಿ ಒಂಬತ್ತು ದಿನ ಕುಡಿದೆ. ಸೋಮವಾರಕ್ಕೊಮ್ಮೆ ಅಕ್ಕಾರು ನನ್ನನ್ನು ಲ್ಯಾಬಿನ ಕಿಟಕಿಯ ಬೆಳಕಿಗೆ ನಿಲ್ಲಿಸಿ, "ಮ್ಯಾಲ ನೋಡು" ಎಂದು ಕಣ್ಣಿನ ಬಿಳಿ ನೋಡುತ್ತಿದ್ದರು. ಆ ಸೋಮವಾರವೂ ನೋಡಿದರು. ನಾನು ಮೇಲೆ ನೋಡಿದೆ, ಅಷ್ಟೇ.

ಹತ್ತನೆಯ ದಿನ ಅಕ್ಕಾರು ತಮ್ಮ ಪುಡಿ ನಿಲ್ಲಿಸಿದೆನೆಂದು ಹೇಳಿದರು. ಆರು ತಿಂಗಳಾಗಲು ಇನ್ನೂ ಸಮಯವಿತ್ತು, ಆದರೆ ಕಾಲು ಊದತೊಡಗಿದ್ದರಿಂದ ಬಿಟ್ಟಿದ್ದರು. ಯಾಕೋ ನನಗೂ ಹೆದರಿಕೆಯಾಗಿ ಅಂದು ಸಂಜೆ ಕುಡಿಯಲಿಲ್ಲ. ಕೆಲವೇ ವಾರಗಳಲ್ಲಿ ಅವರು ಹಳದಿಯಾದರು. ಕಾರ್ಖಾನೆಯಲ್ಲಿ ಆಗ ಹಳದಿ ಬಣ್ಣದ ಮಾಲು ನಡೆದಿತ್ತು. ಮ್ಯಾಡಮ್ ಮೈಗೆಲ್ಲ ಬಣ್ಣ ಬಳಿದುಕೊಂಡಿದ್ದಾರೆ ಎಂದು ಹುಡುಗಾಟವಾಡಿದರು. ನಾನು ಅವರನ್ನು ಕಿಟಕಿಗೆ ಕರೆದೊಯ್ದು, "ಅಕ್ಕಾರ, ಮ್ಯಾಲ ನೋಡ್ರಿ" ಅಂದೆ. ಕಣ್ಣಿಗೆ ಯಾವ ಬಣ್ಣ ಹತ್ತುತ್ತದೆ? ಅಕ್ಕಾರು ತಮ್ಮ ಲೋಟ ತೊಳೆದು ಡ್ರಾವರಿನಲ್ಲಿಟ್ಟು, ಬೀಗ ಹಾಕಿ, ನನ್ನ ಜೊತೆ ಆಟೋ ಹತ್ತಿದರು.

ದವಾಖಾನೆಯ ದೊಡ್ಡ ಡಾಕ್ಟರು ಉಳಿದ ಪುಡಿಯನ್ನೂ ಅವರ ದುಂಡು ಮುಖವನ್ನೂ ನೋಡಿ, ಇದರಲ್ಲಿ ಸ್ಟೀರಾಯ್ಡ್ ಬೆರೆಸಿದ್ದಾರೆ ಅಂದರು. ತಗೊಳ್ಳುವವರೆಗೆ ಹಸಿವೆ, ಹುರುಪು, ಅಂಕಿ ಎಲ್ಲ ಚೆನ್ನ. ಒಳಗೆ ವೈರಸ್ಸು ತಡೆಯಿಲ್ಲದೆ ಬೆಳೆದಿರುತ್ತದೆ. ಬಿಟ್ಟ ಕೂಡಲೇ ಮೈ ಎಚ್ಚೆತ್ತು ಅದರ ಮೇಲೆ ಬೀಳುತ್ತದೆ, ಆ ಹೊಡೆದಾಟದಲ್ಲಿ ಯಕೃತ್ತೇ ಸುಟ್ಟುಹೋಗುತ್ತದೆ. ಆಮೇಲೆ ನನ್ನ ಕಡೆ ತಿರುಗಿ, "ನೀವೂ ತಗೊಂಡಿದ್ದೀರಾ?" ಎಂದು ಕೇಳಿದರು. ಮಂಚದ ಮೇಲಿನಿಂದ ಅಕ್ಕಾರೇ ಹೇಳಿದರು, "ಇಲ್ಲ. ಆಕಿಗೆ ನಾ ಕೊಟ್ಟಿಲ್ಲ."

ಮನೆಗೆ ಹೋಗಿ ಅಕ್ಕಿಯ ಡಬ್ಬಿಯ ಪುಡಿಯನ್ನು ಬಚ್ಚಲಿಗೆ ಸುರಿದೆ. ಅಕ್ಕಿಯನ್ನೂ ಸುರಿದೆ. ದಿನಕ್ಕೆ ಹತ್ತು ಸಲ ಕನ್ನಡಿಯಲ್ಲಿ ನನ್ನ ಕಣ್ಣು ನೋಡಿಕೊಳ್ಳುತ್ತಿದ್ದೆ.

ಯಕೃತ್ತು ಸೋತರೆ ವಿಷ ತಲೆಗೇರಿ ಮನುಷ್ಯ ಗೊಂದಲಕ್ಕೆ ಬೀಳುತ್ತಾನೆ ಎಂದು ಡಾಕ್ಟರು ಹೇಳಿದ್ದರು. ಅಕ್ಕಾರು ಅದಕ್ಕೂ ಒಂದು ಪರೀಕ್ಷೆ ಮಾಡಿಟ್ಟರು. "ದಿನಾ ಬಂದು ನನ್ನ ಕೇಳು, ನೂರರಿಂದ ಏಳೇಳು ಕಳೀರಿ ಅಂತ. ತಪ್ಪಿದ್ನೆಂದ್ರ ನನ್ನ ಜೋಡಿ ವಾದಾ ಮಾಡಬ್ಯಾಡ. ಡಾಕ್ಟರಿಗೆ ಹೇಳು." ನಾಲ್ಕು ದಿನ ಸರಿಯಾಗಿ ಹೇಳಿದರು. ಐದನೆಯ ಮುಂಜಾನೆ ತೊಂಬತ್ತಮೂರು, ಎಂಬತ್ತಾರು, ಎಪ್ಪತ್ತೊಂಬತ್ತು ಎಂದು ಬಂದು ನಿಂತರು. ನನ್ನ ಮುಖವನ್ನೇ ನೋಡಿದರು. "ಎಪ್ಪತ್ತೊಂಬತ್ತು" ಅಂದರು. ಮತ್ತೆ "ಎಪ್ಪತ್ತೊಂಬತ್ತು." ಆಮೇಲೆ ನಗುತ್ತ, "ಎಷ್ಟು ಡ್ರಮ್ಮು ಬಂದಾವ?" ಎಂದು ಕೇಳಿದರು. ನಾನು ಓಡಿದೆ. ಆ ದವಾಖಾನೆಯ ಕಾರಿಡಾರ್ ಎಷ್ಟು ಉದ್ದವಿತ್ತೋ, ನನಗೆ ಇವತ್ತಿಗೂ ಕನಸಿನಲ್ಲಿ ಮುಗಿಯುವುದಿಲ್ಲ.

ಬದುಕಿದರು. ಹೊಸದಾಗಿ ಬಂದಿದ್ದ ಒಂದು ಗುಳಿಗೆ ಕೊಟ್ಟು, ಮೂರು ವಾರ ಅಲ್ಲೇ ಇಟ್ಟುಕೊಂಡು ಡಾಕ್ಟರು ಅವರನ್ನು ಈಚೆ ತಂದರು. ಯಕೃತ್ತು ಮಾತ್ರ ಒಣಗಿದ ಬೆಲ್ಲದ ಪೆಂಟೆಯ ಹಾಗೆ ಗಂಟುಗಂಟಾಗಿ ಉಳಿಯಿತು.

ನಡೆಯಲು ಬಂದ ಕೂಡಲೇ ಅವರು ಮಾಡಿದ ಮೊದಲ ಕೆಲಸ ಮತ್ತೆ ದೌಂಡಕ್ಕೆ ಹೋದದ್ದು. ನಾನು ಹಿಂದೆ ಹಿಂದೆ ಹೋದೆ, ಆ ವೈದ್ಯ ನನ್ನ ಗುರುತು ಹಿಡಿದುಬಿಟ್ಟರೆ ಎಂಬ ಭಯದಲ್ಲಿ, ಮುಖದ ಮೇಲೆ ಸೆರಗು ಎಳೆದುಕೊಂಡು. ಅಕ್ಕಾರು ದವಾಖಾನೆಯ ಕಾಗದಗಳನ್ನು ಅವನ ಮುಂದಿಟ್ಟು ಎಲ್ಲ ವಿವರಿಸಿದರು. ಅವನು ಕಾಗದಗಳನ್ನು ತಿರುವಿ ಹಾಕಿದ. ಆಮೇಲೆ ಹೇಳಿದ: ತನ್ನ ಅಪ್ಪನ ಪುಡಿ ಬೇರೆ ಇತ್ತು, ಬರೀ ಬೇರುಗಳದು, ಅದಕ್ಕೆ ಜನ ಎರಡನೇ ಸಲ ಬರುತ್ತಿರಲಿಲ್ಲ. ಇದನ್ನು ಪೇಟೆಯಿಂದ ಒಬ್ಬ ತಂದುಕೊಡುತ್ತಾನೆ. ಇದಕ್ಕೆ ಜನ ಬರುತ್ತಾರೆ. ಒಳಗೆ ಏನಿದೆಯೋ ತನಗೂ ಗೊತ್ತಿಲ್ಲ.

"ಗೊತ್ತಿಲ್ಲ ಅಂದರೆ ಕೊಡಬಾರದು" ಅಂದರು ಅಕ್ಕಾರು.

ಅವನು ಕೊಡುವುದನ್ನು ಬಿಡಲಿಲ್ಲ. ಅಕ್ಕಾರು ಮುಂದಿನ ಎರಡು ಭಾನುವಾರ ಅವನ ಅಂಗಳದ ಹೊರಗೆ ಕಟ್ಟೆಯ ಮೇಲೆ ಕೂತು, ಬಂದವರಿಗೆಲ್ಲ ತಮ್ಮ ಕಥೆ ಹೇಳಿದರು. ಕೆಲವರು ತಿರುಗಿ ಹೋದರು, ಹೆಚ್ಚಿನವರು ಒಳಗೇ ಹೋದರು. ಎರಡನೆಯ ಭಾನುವಾರ ಯಾರೋ ಅವರನ್ನು ತಳ್ಳಿದರು, ಕನ್ನಡಕ ಒಡೆಯಿತು. ಅಷ್ಟಕ್ಕೆ ನಿಂತಿತು.

ಐದಾರು ವರ್ಷ ಕಳೆದವು. ಹೊಸ ಶತಮಾನ ಬಂತು. ಅಕ್ಕಾರು ಆ ಗುಳಿಗೆ ನುಂಗುತ್ತ ಕೆಲಸಕ್ಕೆ ಬರುತ್ತಿದ್ದರು, ಆದರೆ ಬರುಬರುತ್ತ ವೈರಸ್ಸು ಅದಕ್ಕೆ ಒಗ್ಗಿಹೋಗಿತ್ತು. ನನ್ನ ಅಂಕಿಗಳೂ ಏರುತ್ತಿದ್ದವು. ಆಗ ಪುಣೆಯ ಒಂದು ದವಾಖಾನೆಯಲ್ಲಿ, ಇನ್ನೂ ಅಂಗಡಿಗೆ ಬಾರದ ಹೊಸ ಗುಳಿಗೆಯ ಪ್ರಯೋಗಕ್ಕೆ ರೋಗಿಗಳನ್ನು ಸೇರಿಸಿಕೊಳ್ಳುತ್ತಿದ್ದಾರೆ ಎಂದು ತಿಳಿಯಿತು. ಇಬ್ಬರೂ ಹೋದೆವು. ಒಪ್ಪಿಗೆಯ ಕಾಗದ ಹದಿನಾಲ್ಕು ಪುಟ, ಇಂಗ್ಲಿಷು ಮತ್ತು ಮರಾಠಿಯಲ್ಲಿ. ಅಕ್ಕಾರು ಅದನ್ನು ಹೊರಗಿನ ಬೆಂಚಿನ ಮೇಲೆ ಕೂತು ನನಗೆ ಸಾಲು ಸಾಲಾಗಿ ಕನ್ನಡದಲ್ಲಿ ಹೇಳಿದರು. ಯಾರಿಗೆ ಖರೇ ಗುಳಿಗೆ, ಯಾರಿಗೆ ಬರೀ ಹಿಟ್ಟಿನ ಗುಳಿಗೆ ಎಂದು ನಮಗೂ ಹೇಳುವುದಿಲ್ಲ, ಡಾಕ್ಟರಿಗೂ ಗೊತ್ತಿರುವುದಿಲ್ಲ. ತೊಂದರೆಯಾದರೆ ಬಿಡಬಹುದು. ಆಮೇಲೆ ಒಂದು ಪ್ರಶ್ನೆ: ಇಲ್ಲಿಯವರೆಗೆ ಸ್ಟೀರಾಯ್ಡ್ ಅಥವಾ ಒಳಗೇನಿದೆಯೆಂದು ತಿಳಿಯದ ಯಾವುದಾದರೂ ಔಷಧ ತೆಗೆದುಕೊಂಡಿದ್ದೀರಾ? ಯಕೃತ್ತು ಸೋತು ದವಾಖಾನೆ ಸೇರಿದ್ದೀರಾ?

ನಾನು ಅವರ ಕೈ ಹಿಡಿದುಕೊಂಡೆ. "ಅಕ್ಕಾರ, ಆ ದವಾಖಾನಿ ಬ್ಯಾರೆ, ಈ ದವಾಖಾನಿ ಬ್ಯಾರೆ. ಇವರಿಗೆ ಹೆಂಗ ಗೊತ್ತಾಗ್ತದ? ಇಲ್ಲ ಅಂತ ಬರೀರಿ. ನಿಮಗ ಇದು ಬೇಕು. ನನಗಿಂತ ನಿಮಗ ಬೇಕು."

"ನನ್ನ ಸುಳ್ಳ ನಂಬಿ ನಾಳೆ ನನ್ನಂಥಾ ಎಷ್ಟು ಮಂದಿ ಇದನ್ನ ನುಂಗ್ತಾರ, ಗೊತ್ತದೇನ ನಿನಗ?" ಅಂದರು. ಹೇಳುತ್ತಲೇ ಆ ಹದಿನಾಲ್ಕು ಪುಟವನ್ನು ಎದೆಗೊತ್ತಿ ಹಿಡಿದಿದ್ದರು. ಅವರಿಗೂ ಬದುಕುವ ಆಸೆ ಎಷ್ಟಿತ್ತೆಂದು ನನಗೆ ಅಂದು ಮೊದಲ ಬಾರಿ ಕಂಡಿತು.

ಒಳಗೆ ಡಾಕ್ಟರಮ್ಮನ ಮುಂದೆ ಎಲ್ಲವನ್ನೂ ಹೇಳಿದರು. ಆಕೆ ಎಳೆಯ ವಯಸ್ಸಿನವಳು, ಬಹಳ ಬೇಸರಪಟ್ಟುಕೊಂಡು, ನಿಯಮದ ಪ್ರಕಾರ ನಿಮ್ಮನ್ನು ತೆಗೆದುಕೊಳ್ಳಲು ಬರುವುದಿಲ್ಲ ಅಂದಳು. ಆಮೇಲೆ ನನ್ನ ಕಾಗದ ಎಳೆದುಕೊಂಡಳು. "ನೀವು? ಅಂಥ ಪುಡಿ ಏನಾದರೂ?"

ನಾನು ಬಾಯಿ ತೆರೆಯುವಷ್ಟರಲ್ಲಿ ಅಕ್ಕಾರು ಅಂದರು, "ಇವಳು ತಗೊಂಡಿಲ್ಲ. ಒಂದು ಚಿಟಿಕೆಯೂ ಇಲ್ಲ. ಅದಕ್ಕೆ ನಾನು ಸಾಕ್ಷಿ." ಆ ಮಾತು ಹೇಳುವಾಗ ಅವರ ಮುಖದಲ್ಲಿ ಒಂದು ಹೆಮ್ಮೆ ಇತ್ತು. ತಾವು ಸುಟ್ಟುಕೊಂಡರೂ ಒಬ್ಬಳನ್ನು ಉಳಿಸಿದೆ ಎಂಬ ಹೆಮ್ಮೆ. ಡಾಕ್ಟರಮ್ಮ ‘ಇಲ್ಲ’ ಎಂದು ಬರೆದುಕೊಂಡಳು. ನಾನು ಅದರ ಕೆಳಗೆ ಸಹಿ ಹಾಕಿದೆ.

ನನಗೆ ಸಿಕ್ಕದ್ದು ಖರೇ ಗುಳಿಗೆಯೇ ಆಗಿತ್ತು. ಅದು ಗೊತ್ತಾದದ್ದು ಆಮೇಲೆ. ಒಂದು ವರ್ಷದ ಕೊನೆಗೆ ನನ್ನ ರಕ್ತದಲ್ಲಿ ವೈರಸ್ಸು ಹುಡುಕಿದರೂ ಕಾಣಲಿಲ್ಲ. ಅಕ್ಕಾರು ಪೇಢೆ ತಂದು ಖರೀದಿ ವಿಭಾಗಕ್ಕೆಲ್ಲ ಹಂಚಿದರು, ಕಾರಣ ಹೇಳದೆ. ಮುಂದೆ ಅದೇ ಗುಳಿಗೆ ಅಂಗಡಿಗೆ ಬಂದಾಗ ಅವರೂ ತಗೊಂಡರು. ವೈರಸ್ಸು ಅವರಲ್ಲೂ ಅಡಗಿತು. ಆದರೆ ಆ ಗಂಟುಗಂಟು ಯಕೃತ್ತಿನಲ್ಲಿ ಅಷ್ಟರಲ್ಲಾಗಲೇ ಒಂದು ಗಡ್ಡೆ ಹುಟ್ಟಿತ್ತು.

ನಿವೃತ್ತಿಯಾಗಿ ಎರಡು ವರ್ಷ ಅವರು ಮನೆಯಲ್ಲೇ ಇದ್ದರು. ಹೊಟ್ಟೆಯಲ್ಲಿ ನೀರು ತುಂಬುತ್ತಿತ್ತು, ಅದಕ್ಕಾಗಿ ಊಟದಲ್ಲಿ ಉಪ್ಪು ಪೂರ್ತಿ ಬಂದ್. ತಂಗಿಯೂ ಅವರ ಜೊತೆ ಸಪ್ಪೆಯೇ ಉಣ್ಣುತ್ತಿದ್ದರು, ಮನೆಯಲ್ಲಿ ಉಪ್ಪಿನ ಭರಣಿಯೇ ಇಡುತ್ತಿರಲಿಲ್ಲ. ನಾನು ವಾರಕ್ಕೊಮ್ಮೆ ಹೋಗಿ ಕೂತು ಬರುತ್ತಿದ್ದೆ. ಕಳೆದ ಬೇಸಿಗೆಯಲ್ಲಿ ಒಂದು ದಿನ, ಅವರು ನನ್ನ ಮಗಳ ಕಾಲೇಜಿನ ವಿಷಯ ಕೇಳಿ, "ನೀ ಪುಡಿ ತಗೊಳ್ಳಲಿಲ್ಲಲ್ಲ, ಅದೊಂದು ಛಲೋ ಆತು ನೋಡು. ನನ್ನ ಪರೀಕ್ಷಾ ಅಷ್ಟರ ಉಪಯೋಗ ಆತು" ಅಂದರು.

ಇನ್ನು ತಡೆಯಲಾಗಲಿಲ್ಲ. ಹೇಳಿಬಿಟ್ಟೆ.

ಅವರು ದಿಂಬಿಗೆ ಒರಗಿಕೊಂಡವರು ಅಲುಗಲಿಲ್ಲ. ಅಲ್ಲಿಂದಲೇ ಕೇಳಿದರು, "ಎಷ್ಟು ದಿನ?"

"ಒಂಬತ್ತು."

"ದಿನಕ್ಕ ಎಷ್ಟು ಸಲ?"

"ಎರಡು."

"ಬಿಟ್ಟ ಮ್ಯಾಲ ರಕ್ತ ತೋರಿಸಿದ್ದೇನು?"

"ಇಲ್ರಿ. ಅಂಜಿಕಿ ಆತು."

"ಅಲ್ಲಿ ನಾ ಸಾಕ್ಷಿ ಅಂದೆ." ಕಣ್ಣು ಮುಚ್ಚಿದರು. "ನೀ ಸುಮ್ಮ ಕೂತಿ."

ಅತ್ತುಬಿಟ್ಟೆ. ಕಾಲು ಮುಟ್ಟಲು ಹೋದೆ. ಅವರು ಕಾಲು ಎಳೆದುಕೊಂಡರು. ಅಷ್ಟು ವರ್ಷಗಳಲ್ಲಿ ಅವರು ನನ್ನ ಮೇಲೆ ಸಿಟ್ಟಾದದ್ದು ಅದೊಂದೇ ಸಲ. "ಅಳೂದು ಬ್ಯಾಡ. ನಾ ಹೇಳಿದ್ದು ತಪ್ಪು ಅಲ್ಲಿ ಕಾಗದದಾಗ ಕೂತದ. ಅದನ್ನ ತಿದ್ದಬೇಕು. ನನಗ ಏಳಾಕ ಆಗೂದಿಲ್ಲ. ನೀ ಹೋಗು." ಗೋಡೆಯ ಕಡೆ ತಿರುಗಿದರು.

ಮೂರನೆಯ ದಿನ ರಜೆ ಹಾಕಿ, ಇವತ್ತು ಹೋಗುತ್ತೇನೆಂದು ತಂಗಿಗೆ ಫೋನಿನಲ್ಲಿ ಹೇಳಿ, ಆ ದವಾಖಾನೆಗೆ ಹೋದೆ. ಎರಡು ಬಸ್ಸು, ಅಲ್ಲಿಂದ ಇಲ್ಲಿಗೆ ಇಲ್ಲಿಂದ ಅಲ್ಲಿಗೆ ನಾಲ್ಕು ಕಿಟಕಿ. ಡಾಕ್ಟರಮ್ಮನ ಕೂದಲು ಆಗಲೇ ಅಲ್ಲಲ್ಲಿ ನರೆತಿತ್ತು. ಪ್ರಯೋಗ ಮುಗಿದು ಎಷ್ಟೋ ವರ್ಷವಾಯಿತು, ಈಗ ಯಾಕೆ ಎಂದು ಕೇಳಿದಳು. ನನ್ನ ಜೊತೆ ಬಂದಿದ್ದ ಮ್ಯಾಡಮ್ ನೆನಪಿದ್ದಾರಾ ಎಂದು ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿ, "ನಿಜ ಹೇಳಿ ವಾಪಸು ಹೋದವರು" ಅಂದಳು. ಅವರೇ ಕಳಿಸಿದ್ದಾರೆ ಅಂದೆ. ಆಕೆ ನನ್ನನ್ನು ಬೈಯಲಿಲ್ಲ. ಹಳೆಯ ಫೈಲು ತರಿಸಲು ಒಂದು ತಾಸು ಹಿಡಿಯಿತು. ತರಿಸಿ, ನಾನು ಹೇಳಿದ್ದನ್ನೆಲ್ಲ ಬರೆದುಕೊಂಡು, ಕೆಳಗೆ ಅವತ್ತಿನ ತಾರೀಖು ಹಾಕಿ, ನನ್ನಿಂದ ಸಹಿ ಮಾಡಿಸಿಕೊಂಡಳು.

ಅಲ್ಲಿಂದ ಸೀದಾ ಅಕ್ಕಾರ ಮನೆಗೆ ಹೋದೆ. ಮಧ್ಯಾಹ್ನ ಎರಡು ಗಂಟೆಯ ಬಿಸಿಲು. ಒಳಗೆ ಬಿಡುತ್ತಾರೋ ಇಲ್ಲವೋ ಎಂದು ಬಾಗಿಲಲ್ಲೇ ನಿಂತೆ. ಅವರು ಎಚ್ಚರವಿದ್ದರು.

"ಬರಕೊಂಡ್ರೇನು?"

"ಹೂನ್ರಿ, ಬರಕೊಂಡ್ರು."

"ಪೆನ್ನಿಲೆನೋ, ಪೆನ್ಸಿಲಿಲೆನೋ?"

"ಪೆನ್ನಿಲೆರಿ. ಸಹಿನೂ ಮಾಡಿ ಬಂದೀನಿ."

ತಲೆ ಅಲ್ಲಾಡಿಸಿದರು. ನನ್ನ ಮುಖವನ್ನು ಒಂದು ಗಳಿಗೆ ನೋಡಿದರು. "ಬಿಸಲು ಭಾಳ ಅದ. ಮಜ್ಜಿಗಿ ಮಾಡಿಟ್ಟಾರ, ಕುಡದು ಹೋಗು" ಅಂದರು.

ಕ್ಷಮಿಸಿದಿರಾ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಹದಿನೈದು ದಿನಕ್ಕೆ ಅವರು ತೀರಿಕೊಂಡರು. ಆ ಮಧ್ಯಾಹ್ನ ತಂಗಿ ತಂದುಕೊಟ್ಟ ಲೋಟ ಹಿಡಿದು ಗೋಡೆಗೆ ಒರಗಿ ಕೂತು ಒಂದು ಗುಟುಕು ಕುಡಿದೆ. ಮಜ್ಜಿಗೆಗೆ ಉಪ್ಪಿತ್ತು. ನಾನು ತಂಗಿಯ ಕಡೆ ನೋಡಿದೆ. "ಮುಂಜಾನಿಂದ ಅಕ್ಕ ಹೇಳ್ಲಿಕತ್ತಿದ್ಲು," ಅಂದರು ಅವರು, "ಆಕಿ ಬಿಸಲಾಗ ಬರ್ತಾಳ, ಅಂಗಡಿಯಿಂದ ಸ್ವಲ್ಪ ಉಪ್ಪು ತಂದಿಡು ಅಂತ."